ಕೊನೆಯ ಸರದಿ

ಡೈ ವಾಸನೆ ಇನ್ನೂ ಹೋಗಿಲ್ಲ, ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿದೆ, ಮೇಣದಬತ್ತಿ, ಬೆಂಚಿಗೆ ಹಚ್ಚಿದ ಹೊಸ ಪಾಲಿಷ್, ಪಕ್ಕದವಳ ಸೆಂಟು ಎಲ್ಲವನ್ನೂ ದಾಟಿಕೊಂಡು ಅದೇ ಮೂಗಿಗೆ ಬಡಿಯುತ್ತದೆ, ಕೈಮುಗಿದು ಮುಖದ ಹತ್ತಿರ ತಂದರೆ ದೇವರ ಸನ್ನಿಧಿಯೂ ಪಾರ್ಲರಿನ ಹಾಗೇ — ಎಲ್ಲರೂ ಎದ್ದರು, ಅವಳೂ ಎದ್ದಳು, ಕೀರ್ತನೆ ಪುಸ್ತಕ ತೆರೆದದ್ದು ಯಾವ ಪುಟವೋ ಏನೋ, ಬಾಯಿ ತಾನಾಗಿ ಹಾಡುತ್ತಿದೆ, ಚಿಕ್ಕಂದಿನಿಂದ ಹಾಡಿದ ಹಾಡಿಗೆ ಬಾಯೊಂದು ಸಾಕು, ತಲೆ ಬೇಕಿಲ್ಲ, ತಲೆ ಎರಡು ಬೆಂಚು ಮುಂದೆ ಹೋಗಿ ಅತ್ತೆಯ ಬೆನ್ನಿನ ಹಿಂದೆ ನಿಂತಿದೆ. ಅತ್ತೆ ಕಂದು ಉಣ್ಣೆಯ ಸ್ಕಾರ್ಫನ್ನು ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿಕೊಂಡಿದ್ದಾರೆ, ಚರ್ಚಿನ ಒಳಗೆ ಎಂದೂ ಹಾಗೆ ಕಟ್ಟಿಕೊಂಡವರಲ್ಲ, ಬಾಗಿಲು ದಾಟಿದ ಕೂಡಲೇ ಬಿಚ್ಚಿ ಮಡಿಲಲ್ಲಿಟ್ಟುಕೊಳ್ಳುವವರು, ಆಮೇಲೆ ಬೆಳ್ಳಗಿನ ಆ ತುರುಬು, ಬೆಣ್ಣೆಯ ಮುದ್ದೆಯಂಥ ತುರುಬು, ಹಿಂದಿನ ಬೆಂಚಿನವರೆಲ್ಲ ನೋಡಬೇಕು — ಚಳಿಯೇ? ಚಳಿ ಅಷ್ಟಿಲ್ಲ. ಸಿಟ್ಟೇ? ಸಿಟ್ಟಾದರೆ ಸ್ಕಾರ್ಫಿಗೂ ಸಿಟ್ಟಿಗೂ ಏನು ಸಂಬಂಧ. ಬಲಗೈ ಸ್ವೆಟರಿನ ಜೇಬಿಗೆ ಹೋಗುತ್ತದೆ, ಅಲ್ಲಿವೆ, ತಣ್ಣಗೆ, ತೆಳ್ಳಗೆ, ಒಂದಕ್ಕೊಂದು ಸಿಕ್ಕಿಕೊಂಡು, ಅತ್ತೆಯ ಕೂದಲಿನ ಪಿನ್ನುಗಳು, ಒಂದರ ತುದಿ ಬೆರಳಿಗೆ ಚುಚ್ಚಿತು, ಚುಚ್ಚಲಿ. ಸಮಾಧಾನ ಹೇಳುವ ಹೊತ್ತಿಗೆ ಕೊಟ್ಟುಬಿಡಬೇಕು, ಪಾದ್ರಿಗಳು ಒಬ್ಬರಿಗೊಬ್ಬರು ಸಮಾಧಾನ ಹೇಳಿರಿ ಎಂದಾಗ ಜನ ಬೆಂಚು ಬಿಟ್ಟು ಆಚೀಚೆ ಹೋಗಿ ಕೈ ಹಿಡಿಯುತ್ತಾರಲ್ಲ, ಆಗ ಎರಡು ಬೆಂಚು ದಾಟಿ ಹೋಗುವುದು, ಪಿನ್ನುಗಳನ್ನು ಅಂಗೈಗೆ ಇಡುವುದು, ತಪ್ಪಾಯ್ತು ಅತ್ತೆ ಅನ್ನುವುದು, ಅಷ್ಟೇ, ದೊಡ್ಡ ಮಾತೇನೂ ಬೇಡ, ಮನೆಗೆ ಹೋಗಿ ಬಿಸಿನೀರು ಕಾಯಿಸಿ ತಲೆಗೆ ಹಾಕಿದರಾಯಿತು, ಹಬ್ಬ ಇನ್ನೂ ಬಂದಿಲ್ಲವಲ್ಲ, ನಾಳೆಯಲ್ಲವೇ ಹಬ್ಬ.

ಬೆಳಗ್ಗೆ ಹಲ್ಲುಜ್ಜುತ್ತ ಕೇಳಿಕೊಂಡಿದ್ದಳು, ಬಾಯಲ್ಲಿ ಬ್ರಷ್ಷು, ಕನ್ನಡಿಯಲ್ಲಿ ನೊರೆ, ಸ್ವಾಮಿ, ಈ ವರ್ಷ ಒಂದು ವರ್ಷ, ಯಾರ ಮೇಲೂ ರೇಗದ ಹಾಗೆ ನೋಡ್ಕೋ, ಸಮಾಧಾನ ಕೊಡು, ಬೇರೇನೂ ಕೇಳಲ್ಲ. ಹೋದ ವರ್ಷ ಹಬ್ಬದ ಮೇಜಿನ ಮುಂದೆ ಕೂತು ಅತ್ತಿದ್ದಳು, ಯಾಕೆ ಅಂತ ಈಗ ನೆನಪಿಲ್ಲ, ಕೇಕಿನ ತಳ ಸೀದದ್ದಕ್ಕಿರಬೇಕು, ಅದರ ಹಿಂದಿನ ವರ್ಷ ಗಂಡನ ಜೊತೆ ಕಿಟಕಿಯ ನಕ್ಷತ್ರದ ದೀಪಕ್ಕೆ ಜಗಳ, ಊರಿನ ಲಿಫ್ಟನ್ನೆಲ್ಲ ರಿಪೇರಿ ಮಾಡುವವನಿಗೆ ಮನೆಯ ಒಂದು ಬಲ್ಬು ಉರಿಸಲು ಬರುವುದಿಲ್ಲವೇ ಅಂತ. ಶಾಂತಿಯ ಪ್ರಭು ಹುಟ್ಟುವ ದಿನ ಅಂತಾರೆ, ಅವಳ ಮನೆಯಲ್ಲಿ ಮಾತ್ರ ಆ ದಿನವೇ ಪಾತ್ರೆಗಳು ಜೋರಾಗಿ ಸದ್ದು ಮಾಡುತ್ತವೆ. ಈ ಸಲ ಹಾಗಾಗಬಾರದು, ಬಾಯಿ ಮುಕ್ಕಳಿಸಿ ಉಗುಳಿದಳು, ಆಮೆನ್. ಅಷ್ಟರಲ್ಲಿ ಗಿರಾಕಿಯೊಬ್ಬಳ ಫೋನು. ಪಾರ್ಲರಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಮೂವರು, ಒಬ್ಬಳಿಗೆ ಕೂದಲ ಬುಡ ಬೆಳ್ಳಗೆ ಕಾಣ್ತಿದೆ ನಾಳೆ ಫೋಟೋ ಇದೆ, ಒಬ್ಬಳಿಗೆ ಸುರುಳಿ ಬೇಕು ಆದರೆ ಸುರುಳಿ ಅಂತ ಗೊತ್ತಾಗಬಾರದು, ಇನ್ನೊಬ್ಬಳು ಸುಮ್ಮನೆ ಅಳುಮುಖ ಮಾಡಿಕೊಂಡು ನಿಂತವಳು, ಬೇರೆ ಕಡೆ ಹೋಗಿ ಕಿತ್ತಳೆ ಬಣ್ಣ ಬಳಿಸಿಕೊಂಡು ಬಂದಿದ್ದಳು. ಉಗುರಿಗೆ ಬಣ್ಣ ಹಚ್ಚುವವಳು ಮೂಲೆಯ ಸ್ಟೂಲಿನಿಂದಲೇ, ಅಕ್ಕ, ಇವತ್ತು ನಾವು ಊಟ ಮಾಡೋದು ಸ್ವರ್ಗದಲ್ಲೇ ಬಿಡಿ, ಅಂದಳು. ನಗಬೇಕು ಅನ್ನಿಸಿತು, ನಗಲು ಬಾಯಿಯಲ್ಲಿ ಜಾಗವಿರಲಿಲ್ಲ, ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದಳು. ನೀರು, ಶಾಂಪೂ, ಟವೆಲು, ಡ್ರೈಯರು, ನೆಲದ ತುಂಬ ಕೂದಲು, ಕಪ್ಪು ಕಂದು ಬಿಳಿ ಎಲ್ಲ ಒಟ್ಟಿಗೆ, ಗುಡಿಸಿದಷ್ಟೂ ಬೀಳುತ್ತಿತ್ತು, ನಡುವೆ ಗಂಡನ ಫೋನು, ನಾಳೆ ಅಕ್ಕನ ಮನೆಯವರು ಊಟಕ್ಕೆ ಬರ್ತಾರಂತೆ, ಎಲ್ಲರೂ, ಪರದೆ ಲಾಂಡ್ರಿಯಿಂದ ತಂದ್ಯಾ? ತಂದಿಲ್ಲ. ತರ್ತೀನಿ. ಯಾವಾಗ ತರ್ತೀಯ? ಆಗ ಒಂದು ಸಲ ರೇಗಿದಳು, ಚಿಕ್ಕದಾಗಿ, ಅದು ಲೆಕ್ಕಕ್ಕಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

ಹಾಡು ಮುಗಿಯಿತು, ಕೂತರು, ಬೆಂಚು ಕಿರುಗುಟ್ಟಿತು. ಅತ್ತೆ ಕೂರುವಾಗ ಮುಂದಿನ ಬೆಂಚನ್ನು ಹಿಡಿದುಕೊಂಡರು, ಆ ಕೈ ಈಗ ಎರಡು ವರ್ಷದಿಂದ ನಡುಗುತ್ತದೆ, ಒಂದು ಕಾಲಕ್ಕೆ ಆ ಕೈ ಕತ್ತರಿ ಹಿಡಿದರೆ ಹೆಂಗಸರು ಕಣ್ಣುಮುಚ್ಚಿ ಕೂರುತ್ತಿದ್ದರು. ಪಾರ್ಲರು ಅತ್ತೆಯದೇ, ಕುರ್ಚಿ ಅತ್ತೆಯದೇ, ಆ ಕುರ್ಚಿಯ ಪಕ್ಕ ನಿಲ್ಲಿಸಿಕೊಂಡು ಇವಳಿಗೆ ಕೆಲಸ ಕಲಿಸಿದ್ದು ಅವರೇ, ಮದುವೆಯಾಗಿ ಬಂದ ಹೊಸತರಲ್ಲಿ ಬಾಚಣಿಗೆ ಹಿಡಿಯಲೂ ಬಾರದ ಸೊಸೆ, ಕೂದಲನ್ನ ಮೇಲಿಂದ ಎಳೀಬೇಡ ಮಗಳೇ, ತುದಿಯಿಂದ ಬಾ, ತುದಿ ಬಿಡಿಸಿದ್ರೆ ಬುಡ ತಾನಾಗಿ ಬಿಡ್ತದೆ. ಮತ್ತೆ ಆ ಒಂದು ನಿಯಮ. ಹಬ್ಬದ ಹಿಂದಿನ ದಿನ ಕೊನೆಯ ಸರದಿಯನ್ನು ಯಾರಿಗೂ ಕೊಡಕೂಡದು. ಯಾಕತ್ತೆ? ಅದು ಅವನದ್ದು. ಯಾರದ್ದು? ಅತ್ತೆ ಬಾಚಣಿಗೆಯನ್ನು ಮೇಲಕ್ಕೆ ತೋರಿಸಿದರು, ಮೇಲೆ ಟ್ಯೂಬ್‌ಲೈಟಿತ್ತು, ಇವಳು ಟ್ಯೂಬ್‌ಲೈಟನ್ನೇ ನೋಡಿದಳು, ಇಬ್ಬರೂ ನಕ್ಕಿದ್ದರು. ಬಾಗಿಲು ಹಾಕುವ ಹೊತ್ತಿಗೆ ಯಾರು ಬರುತ್ತಾರೋ ಅವರನ್ನು ಕೂರಿಸಬೇಕು, ಯಾರಂತ ಕೇಳಬಾರದು, ಅವಸರ ಮಾಡಬಾರದು. ಒಂದು ವರ್ಷ ಡ್ಯೂಟಿ ಮುಗಿಸಿ ಬಂದ ನರ್ಸು, ತಲೆ ತೊಳೆಯುವಾಗಲೇ ಬೇಸಿನ್ನಿಗೆ ಒರಗಿ ಗೊರಕೆ ಹೊಡೆದಳು, ಒಂದು ವರ್ಷ ಮೀನು ಮಾರುವವಳು, ತನ್ನ ತಲೆಯ ವಾಸನೆಗೆ ತಾನೇ ನಾಚಿಕೊಂಡು ಬಾಗಿಲಲ್ಲೇ ನಿಂತವಳನ್ನು ಅತ್ತೆ ಕೈಹಿಡಿದು ಒಳಗೆ ಕರೆತಂದರು, ಇನ್ನೊಂದು ವರ್ಷ ಕೂದಲಿಗೆ ಚ್ಯೂಯಿಂಗ್ ಗಮ್ ಅಂಟಿದ ಮಗಳನ್ನು ಎತ್ತಿಕೊಂಡು ಬಂದ ಅಪ್ಪ, ಮಗುವಿಗಿಂತ ಅವನೇ ಹೆಚ್ಚು ಅಳುತ್ತಿದ್ದ. ಯಾರೂ ಬಾರದ ವರ್ಷ ಅತ್ತೆ ತಾವೇ ಕೂರುತ್ತಿದ್ದರು, ಬಾ, ಇವತ್ತು ಅವನು ನನ್ನನ್ನೇ ಕಳ್ಸಿದಾನೆ. ಈಚೆಗೆ ಬರುವವರೇ ಇಲ್ಲ, ಬೀದಿಗೊಂದು ಪಾರ್ಲರು, ಹಾಗಾಗಿ ಆ ಸರದಿ ಅತ್ತೆಯದೇ ಆಗಿಹೋಗಿತ್ತು, ವರ್ಷಕ್ಕೊಮ್ಮೆ ಸೊಸೆಯ ಕೈಯಲ್ಲಿ ತಲೆ ಕೊಡುವುದು. ಬಾಗಿಲು ಹಾಕಿ, ಪರದೆ ಎಳೆದು, ಬಿಸಿನೀರಿನಲ್ಲಿ ಆ ಉದ್ದ ಕೂದಲು ತೊಳೆದು, ಸೊಂಟ ಮುಟ್ಟುವ ಕೂದಲು, ಎಂದೂ ಕತ್ತರಿ ಕಾಣದ್ದು, ಊರಿಗೆಲ್ಲ ಕೂದಲು ಕತ್ತರಿಸಿದವರು ತಮ್ಮದನ್ನು ಮುಟ್ಟಗೊಟ್ಟವರಲ್ಲ, ಮಾವ ಇದನ್ನೇ ನೋಡಿ ಮದುವೆಯಾಗಿದ್ದಂತೆ, ಅದನ್ನು ಹೇಳುವಾಗ ಈಗಲೂ ಅತ್ತೆಯ ಕಿವಿ ಕೆಂಪಾಗುತ್ತದೆ — ತೊಳೆದು, ಒರೆಸಿ, ಬಾಚುತ್ತ, ಇಬ್ಬರೂ ಸೇರಿ ಪ್ರಭು ಕಲಿಸಿದ ಪ್ರಾರ್ಥನೆ ಹೇಳುವುದು, ಬಾಚಣಿಗೆ ಒಂದು ಸಲ ಇಳಿದರೆ ಒಂದು ಮಾತು. ಸಿಕ್ಕು ಸಿಕ್ಕಿದ ಕಡೆ ಪ್ರಾರ್ಥನೆಯೂ ನಿಲ್ಲಬೇಕು, ಸಿಕ್ಕು ಬಿಡಿಸಿದ ಮೇಲೆ ಮುಂದಿನ ಮಾತು. ನೋಡು, ಪ್ರತೀ ವರ್ಷ ಕ್ಷಮಿಸು ಅನ್ನೋ ಹತ್ತಿರವೇ ಸಿಕ್ಕು ಸಿಗ್ತದೆ, ಅತ್ತೆ ಹೇಳುತ್ತಿದ್ದರು, ನೀನು ಬೇಕಂತ್ಲೇ ಮಾಡ್ತೀಯ. ಬೇಕಂತ ಮಾಡಿದ್ದಲ್ಲ. ಆ ಅರ್ಧ ಗಂಟೆಯೇ ಅವಳ ಹಬ್ಬ, ಉಳಿದದ್ದೆಲ್ಲ ಬರೀ ಅಡುಗೆ.

ಹಾಗಿದ್ದರೆ ಈ ಸಲ ಆ ಸರದಿಯನ್ನು ಬೇರೆಯವರಿಗೆ ಯಾಕೆ ಕೊಟ್ಟೆ? ಕೇಳಿದ್ದು ಯಾರೂ ಅಲ್ಲ, ಜೇಬಿನ ಪಿನ್ನುಗಳು. ಕೊಟ್ಟಿದ್ದು ಹಣಕ್ಕಲ್ಲ, ಅದೊಂದು ಸಮಾಧಾನ, ಸಮಾಧಾನವೂ ಅಲ್ಲ, ಹಣಕ್ಕಾಗಿದ್ದರೆ ಇದಕ್ಕಿಂತ ಮರ್ಯಾದೆಯಿತ್ತೇನೋ. ಮಧ್ಯಾಹ್ನ ಫೋನು ಮಾಡಿದ್ದು ಮೇಡಂ, ಚರ್ಚಿನ ಕಾರ್ಯದರ್ಶಿಯ ಹೆಂಡತಿ, ಎಲ್ಲರೂ ಮೇಡಂ ಅನ್ನುತ್ತಾರೆ, ಅವರು ಪಾಠ ಹೇಳಿಕೊಟ್ಟದ್ದು ಯಾರಿಗೆ ಅಂತ ಯಾರಿಗೂ ಗೊತ್ತಿಲ್ಲ, ಇವತ್ತು ಆರಾಧನೇಲಿ ಬೈಬಲ್ ಓದೋದು ನಾನೇ ಅಲ್ವಾ, ಎಲ್ಲರ ಮುಂದೆ ನಿಲ್ಬೇಕು, ನೀವು ಬಿಟ್ರೆ ನನ್ನ ಕೂದಲು ಬೇರೆ ಯಾರ ಮಾತೂ ಕೇಳಲ್ಲ. ನೀವು ಬಿಟ್ರೆ. ಆ ಎರಡು ಮಾತಿಗೆ ಅವಳು ಕರಗಿಹೋದಳು, ಬೆಳಗಿಂದ ಯಾರೂ ಒಂದು ಒಳ್ಳೆ ಮಾತು ಆಡಿರಲಿಲ್ಲ, ಬನ್ನಿ ಮೇಡಂ, ಕೊನೇ ಸರದಿ ಖಾಲಿ ಇದೆ. ಖಾಲಿ ಇದೆ! ಬಾಯಿಂದ ಎಷ್ಟು ಸಲೀಸಾಗಿ ಜಾರಿತು. ಉಗುರಿನವಳು ತಲೆಯೆತ್ತಿ ನೋಡಿದಳು, ಅವಳಿಗೂ ಗೊತ್ತು ಆ ಸರದಿ ಯಾರದೆಂದು. ಹೊತ್ತು ಇಳಿಯುತ್ತಿತ್ತು, ಬೀದಿದೀಪ ಇನ್ನೂ ಹೊತ್ತಿರಲಿಲ್ಲ, ಬಾಗಿಲ ಗಂಟೆ ಟಿಣ್ ಅಂತು, ಅತ್ತೆ ಬಂದರು, ಕೈಯಲ್ಲಿ ತಮ್ಮದೇ ಟವೆಲು ಮಡಿಸಿ ತಂದಿದ್ದರು, ತೊಳೆದೂ ತೊಳೆದೂ ತೆಳ್ಳಗಾದ ನೀಲಿ ಟವೆಲು, ಯಾರಾದ್ರೂ ಬಂದ್ರಾ? ಇವಳು ಒಳಗೆ ಮೇಡಮ್ಮಿಗೆಂದು ಡೈ ಕಲಸುತ್ತಿದ್ದಳು, ಪ್ರಶ್ನೆ ಕಿವಿಗೆ ಬಿತ್ತು, ಉತ್ತರ ಕೊಡಲಿಲ್ಲ, ಕೊಟ್ಟಿದ್ದರೆ, ಆಗಲೇ ಹೇಳಿದ್ದರೆ — ಅತ್ತೆ ಯಾರೂ ಬಂದಿಲ್ಲವೆಂದುಕೊಂಡರು, ಖುಷಿಯಾಗಿಯೇ ಅಂದುಕೊಂಡಿರಬೇಕು, ಹೋಗಿ ಕುರ್ಚಿಯಲ್ಲಿ ಕೂತರು, ಟವೆಲನ್ನು ಹೆಗಲಿಗೆ ಹಾಕಿಕೊಂಡರು, ಕೈ ಹಿಂದಕ್ಕೆ ಒಯ್ದು, ನಡುಗುವ ಆ ಕೈ, ಒಂದೊಂದೇ ಪಿನ್ನು ತೆಗೆದು ಕನ್ನಡಿಯ ಮುಂದಿನ ಬಿಳಿ ಸಾಸರಿನಲ್ಲಿ ಇಟ್ಟರು, ಟಿಕ್, ಟಿಕ್, ಆ ಸದ್ದು ಅವಳಿಗೆ ಪರದೆಯ ಹಿಂದಿನಿಂದ ಕೇಳುತ್ತಿತ್ತು, ಕೇಳುತ್ತ ಡೈ ಕಲಸುತ್ತಿದ್ದಳು. ಹೊರಗೆ ಬಂದಾಗ ಕೂದಲೆಲ್ಲ ಬಿಚ್ಚಿ ಕುರ್ಚಿಯ ಹಿಂದೆ ಇಳಿಬಿದ್ದಿತ್ತು. ಆಗಲೇ ಮೇಡಂ ಬಾಗಿಲಲ್ಲಿ. ಅಯ್ಯೋ, ಲೇಟಾಯ್ತಾ ನಾನು? ಇಲ್ಲ ಮೇಡಂ, ಬನ್ನಿ ಬನ್ನಿ. ಅತ್ತೆಯ ಕಡೆ ತಿರುಗಿ, ಎಲ್ಲರ ಎದುರು, ಗಡಿಬಿಡಿಯಲ್ಲಿ, ಗಿರಾಕಿಗೆ ಹೇಳುವ ಸ್ವರದಲ್ಲೂ ಅಲ್ಲ, ಅದಕ್ಕಿಂತ ಕೆಳಗಿನ ಸ್ವರದಲ್ಲಿ, ಸ್ವಲ್ಪ ಏಳಿ ಅತ್ತೆ, ಜಾಗ ಬೇಕು, ಇವತ್ತು ಆಗಲ್ಲ, ನೋಡ್ತಿದೀರಲ್ಲ ನನ್ನ ಪಾಡು, ವರ್ಷಾ ವರ್ಷಾ ಇದೊಂದು ನಿಮ್ಮದು. ಇದೊಂದು ನಿಮ್ಮದು! ಅತ್ತೆ ಎದ್ದರು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. ಕೂತ್ಕೊಳಮ್ಮ ಕೂತ್ಕೋ, ಅಂದರು ಮೇಡಮ್ಮಿಗೆ, ಟವೆಲನ್ನು ಮಡಿಸಿದರು, ಬಿಚ್ಚಿದ ಕೂದಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹಾಗೇ ಬಾಗಿಲು ದಾಟಿ ಬೀದಿಗಿಳಿದರು, ತಲೆ ಬಿಚ್ಚಿಕೊಂಡು ಎಂದೂ ಹೊಸ್ತಿಲು ದಾಟದವರು. ಸಾಸರಿನಲ್ಲಿ ಪಿನ್ನುಗಳು. ಅವಳು ಸಾಸರನ್ನು ಪಕ್ಕಕ್ಕೆ ಸರಿಸಿ ರೋಲರಿನ ಡಬ್ಬಿ ಇಟ್ಟಳು.

ಈಗ ಮೇಡಂ ಓದುತ್ತಿದ್ದಾರೆ. ದೀಪದ ಕೆಳಗೆ ಆ ಸುರುಳಿಗಳು ಚೆನ್ನಾಗಿಯೇ ಕೂತಿವೆ, ಎಡಗಡೆಯದೊಂದು ಸ್ವಲ್ಪ ಸಡಿಲ, ಸ್ಪ್ರೇ ಇನ್ನೊಂದು ಸಲ ಹೊಡೆಯಬೇಕಿತ್ತು, ಛೇ, ಇಲ್ಲೂ ಅದೇ ಯೋಚನೆ — ಮೇಡಮ್ಮಿನ ಸ್ವರ ಗಂಭೀರ, ಜನಗಣತಿಗೆಂದು ಊರಿಂದೂರಿಗೆ ನಡೆದ ಬಡಗಿ, ತುಂಬಿದ ಬಸುರಿ, ಛತ್ರದಲ್ಲಿ ಅವರಿಗೆ ಜಾಗವಿರಲಿಲ್ಲವಂತೆ. ಎಷ್ಟು ವರ್ಷದಿಂದ ಕೇಳಿದ ಮಾತು, ಪ್ರತೀ ಸಲ ಛತ್ರದವನ ಮೇಲೆ ಸಿಟ್ಟು ಬರುತ್ತಿತ್ತು, ಎಂಥ ಕಲ್ಲುಮನಸ್ಸಿನವನು ಅಂತ, ಅವನು ಕಲ್ಲುಮನಸ್ಸಿನವನೇನೂ ಅಲ್ಲ, ಪಾಪ, ಅವನಿಗೆ ಆವತ್ತು ಗಿರಾಕಿಗಳು ಜಾಸ್ತಿ, ಬೆಳಗಿಂದ ಊಟ ಮಾಡಿರಲಿಲ್ಲ, ಯಾರೋ ದೊಡ್ಡವರು ನೀವು ಬಿಟ್ರೆ ಅಂದಿರಬೇಕು. ಮೇಡಂ ಪುಸ್ತಕ ಮುಚ್ಚಿ ಇಳಿದು ಬಂದರು, ಇವಳ ಬೆಂಚು ದಾಟುವಾಗ ಸಣ್ಣಗೆ ಕೂದಲು ಮುಟ್ಟಿಕೊಂಡು ನಕ್ಕರು, ಚೆನ್ನಾಗಿ ಬಂದಿದೆ ಅಲ್ವಾ, ಅನ್ನುವ ನಗು. ಇವಳೂ ನಕ್ಕಳು, ನಗದೆ ಏನು ಮಾಡುವುದು, ಅವರದೇನು ತಪ್ಪು, ಅವರಿಗೆ ಆ ಸರದಿ ಯಾರದೆಂದೂ ಗೊತ್ತಿರಲಿಲ್ಲ, ಗೊತ್ತಿದ್ದೂ ಕೊಟ್ಟವಳು ಇವಳೇ.

ಮನೆಗೆ ಓಡಿಬಂದಾಗ ಕತ್ತಲು, ಒಂದು ಕೈಯಲ್ಲಿ ಲಾಂಡ್ರಿಯ ಪರದೆ, ಒಂದು ಕೈಯಲ್ಲಿ ಕೇಕಿನ ಡಬ್ಬಿ, ಜೇಬಿನಲ್ಲಿ ಪಿನ್ನುಗಳು, ಪಾರ್ಲರು ಗುಡಿಸುವಾಗ ಕಣ್ಣಿಗೆ ಬಿದ್ದಿದ್ದವು, ಸಾಸರು ಬರಿದು ಮಾಡಿ ತುಂಬಿಕೊಂಡಿದ್ದಳು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೇ ಬಂದಿದ್ದಳು, ಅತ್ತೆ, ಬನ್ನಿ, ಈಗಲೇ ತೊಳೆದುಬಿಡ್ತೀನಿ. ಬಚ್ಚಲಿನ ಬಾಗಿಲು ಹಾಕಿತ್ತು, ಒಳಗೆ ನಲ್ಲಿಯ ಸದ್ದು, ತಾವೇ ತೊಳೆದುಕೊಳ್ತಿದ್ದಾರೇನೋ ಅಂದುಕೊಂಡಳು, ಒಳ್ಳೆಯದಾಯಿತು ಅಂದುಕೊಂಡಳು, ಹೌದು, ಒಂದು ಕ್ಷಣ ಹಾಗೂ ಅನ್ನಿಸಿತು, ಒಂದು ಕೆಲಸ ಕಳೆಯಿತು. ಗಡಿಯಾರ ನೋಡಿದಳು, ಅತ್ತಿಗೆಯ ಮಕ್ಕಳಿಗೆ ತಂದ ಉಡುಗೊರೆಗೆ ಇನ್ನೂ ಕಾಗದ ಸುತ್ತಿಲ್ಲ, ಅಡುಗೆಮನೆಯಲ್ಲಿ ಕತ್ತರಿ ಹುಡುಕಿದಳು, ಯಾವಾಗಲೂ ಮೊಳೆಗೆ ನೇತುಹಾಕಿರುವ ಕತ್ತರಿ, ಹಾಲಿನ ಪ್ಯಾಕೆಟ್ಟು ಕತ್ತರಿಸುವುದು, ಮೊಂಡು, ಇರಲಿಲ್ಲ, ಡ್ರಾಯರಿನಲ್ಲೂ ಇರಲಿಲ್ಲ, ಈ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇರಲ್ಲ! ಗಟ್ಟಿಯಾಗಿಯೇ ಕೂಗಿದಳು, ಗೋಡೆಗೆ ಕೇಳುವ ಹಾಗೆ, ಬಚ್ಚಲಿಗೆ ಕೇಳುವ ಹಾಗೆ, ರಿಬ್ಬನ್ನನ್ನು ಹಲ್ಲಿನಿಂದ ಕಚ್ಚಿ ಹರಿದಳು. ಬಾಗಿಲು ಬಡಿದಳು, ಅತ್ತೆ, ಬೇಗ, ಲೇಟಾಗ್ತಿದೆ. ಒಳಗಿನಿಂದ, ಬಂದೆ ಬಂದೆ, ಮುಗೀತು. ಸ್ವರದಲ್ಲಿ ಏನಿತ್ತು? ಏನೂ ಇರಲಿಲ್ಲ, ಎಂದಿನ ಸ್ವರವೇ, ಒಂದಿಷ್ಟು ಏದುಸಿರು. ಅವಳು ಸೀರೆ ಬದಲಾಯಿಸಲು ಕೋಣೆಗೆ ಹೋದಳು, ಬಂದು ನೋಡಿದರೆ ಬಚ್ಚಲು ಖಾಲಿ, ನೆಲ ಒದ್ದೆ, ಒರೆಸಿ ಸ್ವಚ್ಛ ಮಾಡಿದ ಒದ್ದೆ. ಗಂಡ ಬಾಗಿಲಲ್ಲಿ ಬೂಟು ಹಾಕುತ್ತ, ಅಮ್ಮ ಪಕ್ಕದ ಮನೆಯವರ ಜೊತೆ ಮುಂದೆ ಹೋದ್ರು, ನಂಗೂ ಹೊತ್ತಾಯ್ತು, ಗಾಯನದವರೆಲ್ಲ ಬಂದಿರ್ತಾರೆ, ಬರ್ತೀನಿ. ಅತ್ತೆ ಕಾಯದೆ ಹೋಗಿದ್ದರು, ಇಷ್ಟು ವರ್ಷದಲ್ಲಿ ಮೊದಲ ಸಲ.

ಪಾದ್ರಿಗಳ ಪ್ರಸಂಗ ಎಲ್ಲೋ ದೂರದಲ್ಲಿ ನಡೆಯುತ್ತಿದೆ, ಗಡಿಬಿಡಿಯ ನಡುವೆ ಅಂತರಂಗದ ಶಾಂತಿ ಅನ್ನುವ ಮಾತು ಆಗಾಗ ಕಿವಿಗೆ ಬಿದ್ದು ಹೊರಟುಹೋಗುತ್ತದೆ, ಹೇಳುವುದು ಸುಲಭ ಪಾದ್ರಿಗಳೇ, ನಿಮ್ಮ ಮನೆಗೆ ನಾಳೆ ಯಾರೂ ಊಟಕ್ಕೆ ಬರುತ್ತಿಲ್ಲ — ಛೆ, ಪಾದ್ರಿಗಳ ಮೇಲೂ ರೇಗುವುದೇ. ಹುಡುಕಿದ್ದು ಶಾಂತಿಯನ್ನಲ್ಲವೇ, ಬೆಳಗ್ಗೆ ನೊರೆಬಾಯಲ್ಲಿ ಕೇಳಿದ್ದು ಅದನ್ನೇ, ಅದು ಬಂದಿತ್ತು, ಸರಿಯಾದ ಹೊತ್ತಿಗೇ ಬಂದಿತ್ತು, ಮಡಿಸಿದ ನೀಲಿ ಟವೆಲು ಹಿಡಿದು ಬಂದು ಕುರ್ಚಿಯಲ್ಲಿ ಕೂತಿತ್ತು, ಪಿನ್ನು ತೆಗೆದು ಸಾಸರಿನಲ್ಲಿಟ್ಟಿತ್ತು, ಟಿಕ್, ಟಿಕ್, ಏಳಿ ಜಾಗ ಬೇಕು ಅಂದವಳು ಅವಳೇ. ಅತ್ತೆ ತಲೆ ಅಲ್ಲಾಡಿಸುತ್ತ ಪ್ರಸಂಗ ಕೇಳುತ್ತಿದ್ದಾರೆ, ಸ್ಕಾರ್ಫಿನ ಹಿಂಭಾಗ ಚಪ್ಪಟೆಯಾಗಿದೆ, ತುರುಬಿನ ಉಬ್ಬು ಕಾಣುತ್ತಿಲ್ಲ, ಪಿನ್ನಿಲ್ಲದೆ ತುರುಬು ನಿಲ್ಲುವುದು ಹೇಗೆ, ಬರೀ ಜಡೆ ಹಾಕಿ ಸೆರಗಿನೊಳಗೆ ಬಿಟ್ಟುಕೊಂಡಿರಬೇಕು, ಅದನ್ನು ಮುಚ್ಚಲು ಸ್ಕಾರ್ಫು, ಈಗ ತಿಳಿಯಿತು, ಸಿಟ್ಟಲ್ಲ, ಪಿನ್ನುಗಳದೇ ಕೊರತೆ. ಎದೆ ಒಂದಿಷ್ಟು ಹಗುರವಾಯಿತು. ಪಿನ್ನು ಜೇಬಿನಲ್ಲಿವೆಯಲ್ಲ. ತಪ್ಪಾಯ್ತು ಅತ್ತೆ. ಬೇಡ, ಬರೀ ತಪ್ಪಾಯ್ತು ಅಂದರೆ ಅವರು ಅಯ್ಯೋ ಬಿಡು ಅನ್ನುತ್ತಾರೆ, ಬಿಡು ಅನ್ನಿಸಿಕೊಳ್ಳುವುದು ಬೇಡ, ಆ ಸರದಿ ನಿಮ್ಮದಾಗಿತ್ತು ಅತ್ತೆ, ನಾನು ಬೇರೆಯವರಿಗೆ ಕೊಟ್ಟೆ, ಮುಂದಿನ ವರ್ಷ — ಮುಂದಿನ ವರ್ಷ ಯಾಕೆ, ಇವತ್ತೇ, ಮನೆಗೆ ಹೋದ ಕೂಡಲೇ ಬಿಸಿನೀರು, ಬಾಚಣಿಗೆ, ತುದಿಯಿಂದ ಮೇಲಕ್ಕೆ, ಅವಸರವಿಲ್ಲದೆ, ಹಾಳಾದ ಪರದೆ ಹೇಗಾದರೂ ಇರಲಿ, ಅತ್ತಿಗೆ ಬಂದರೆ ಬರಿಯ ಕಿಟಕಿಯನ್ನೇ ನೋಡಲಿ.

ಒಬ್ಬರಿಗೊಬ್ಬರು ಸಮಾಧಾನ ಹೇಳಿರಿ. ಚರ್ಚು ಗುಜುಗುಟ್ಟಿತು, ಬೆಂಚುಗಳು ಸರಿದವು, ಕೈಗಳು ಚಾಚಿದವು, ಪಕ್ಕದವಳು ಸಮಾಧಾನ ಅಂದಳು, ಇವಳು ಸಮಾಧಾನ ಅಂದಳು, ಎಡಗೈಯಿಂದಲೇ, ಬಲಗೈ ಮುಷ್ಟಿಯಾಗಿತ್ತು, ನಡುವಿನ ದಾರಿಗೆ ಬಂದಳು, ಹಿಂದಿನ ಬೆಂಚಿನ ಮುದುಕ ಅಡ್ಡ ಬಂದು ಕೈ ಕುಲುಕಿ ಕುಲುಕಿ ಬಿಡಲೇ ಇಲ್ಲ, ಬಿಡಿ ಅಜ್ಜ, ಸಮಾಧಾನ, ಆಯ್ತು — ಅತ್ತೆ ಆಗಲೇ ಎದ್ದು ತಿರುಗಿದ್ದರು, ಬೆಂಚು ಹಿಡಿದು ಹಿಡಿದು ಇತ್ತಲೇ ಬರುತ್ತಿದ್ದರು, ಇವಳನ್ನೇ ನೋಡಿ ನಗುತ್ತಿದ್ದರು, ಆ ನಗು ಎಂದಿನದೇ, ಅದರಲ್ಲಿ ಒಂದು ಮುಳ್ಳೂ ಇರಲಿಲ್ಲ. ಸಮಾಧಾನ ಇರ್ಲಿ ಮಗಳೇ. ಎರಡೂ ಕೈಯಿಂದ ಇವಳ ಹೆಗಲು ತಬ್ಬಿದರು, ಕೆನ್ನೆಗೆ ಕೆನ್ನೆ ತಾಗಿತು, ಉಣ್ಣೆ ಇವಳ ಕಿವಿಯೋಲೆಗೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳುವಾಗ ಗಂಟು ಸಡಿಲಾಗಿ ಸ್ಕಾರ್ಫು ಹಿಂದಕ್ಕೆ ಜಾರಿತು. ಜಡೆ ಇರಲಿಲ್ಲ. ಕೂದಲೇ ಇರಲಿಲ್ಲ. ಇತ್ತು, ಕಿವಿಯ ಮಟ್ಟಕ್ಕೆ, ಬಲಗಡೆ ಇನ್ನೂ ಮೇಲೆ, ಎಡಗಡೆ ಒಂದು ಎಳೆ ಕತ್ತರಿಗೆ ತಪ್ಪಿಸಿಕೊಂಡು ಉದ್ದವಾಗಿ ನಿಂತಿತ್ತು, ಹಿಂದೆ ಮೆಟ್ಟಿಲು ಮೆಟ್ಟಿಲು, ಕುತ್ತಿಗೆಯ ಮೇಲೆ ಮೊಂಡು ಕತ್ತರಿ ಕಚ್ಚಿದ ಸಣ್ಣ ಕೆಂಪು ಗೆರೆ, ನಡುಗುವ ಕೈ, ಕನ್ನಡಿಗೆ ಬೆನ್ನು, ಹಾಲಿನ ಪ್ಯಾಕೆಟ್ಟಿನ ಕತ್ತರಿ, ನಲ್ಲಿಯ ಸದ್ದು, ಬಂದೆ ಬಂದೆ ಮುಗೀತು. ಅತ್ತೆ ನಾಚಿಕೊಂಡ ಹಾಗೆ ತಲೆ ಸವರಿಕೊಂಡರು, ನೋಡ್ಬೇಡ, ನಾಳೆ ಬೆಳಕಲ್ಲಿ ನೀನು ಒಂಚೂರು ಸರಿ ಮಾಡಿಕೊಡು, ಬರೀ ಎರಡು ನಿಮಿಷದ ಕೆಲಸ, ಎಷ್ಟು ಹಗುರ ಆಯ್ತು ಗೊತ್ತಾ, ಇನ್ಮೇಲೆ ಹಬ್ಬದ ದಿನ ನಿಂಗೆ ಇದೊಂದು ತಾಪತ್ರಯ ಇರಲ್ಲ. ಇದೊಂದು. ಕೊಂಕಿನಿಂದ ಹೇಳಿದ್ದಲ್ಲ, ನಿಜವಾಗಿ ಸೊಸೆಯ ಹೊರೆ ಇಳಿಸಿದವರ ಸಂತೋಷದಿಂದಲೇ ಹೇಳಿದ್ದು, ಅದಕ್ಕೇ ತಡೆಯಲಾಗಲಿಲ್ಲ. ಅತ್ತೆಯ ಕೈ ಅವಳ ಮುಷ್ಟಿಯನ್ನು ಹುಡುಕಿ ಹಿಡಿಯಿತು, ಏನಿದು ಕೈಯಲ್ಲಿ, ಬಿಡಿಸಿ ನೋಡಿದರು, ಓ ಇವಾ, ಬಿಟ್ಟು ಬಂದಿದ್ನಲ್ಲ, ಒಂದು ಕ್ಷಣ ಅವನ್ನೇ ನೋಡಿದರು, ಆಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದರು, ನೀನೇ ಇಟ್ಕೋ, ಪಾರ್ಲರಿಗೆ ಬೇಕಾಗ್ತವೆ.

ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಮರಳಿದರು, ಅವಳೂ ಮರಳಿರಬೇಕು, ಬೆಂಚಿನ ಅಂಚು ಮೊಣಕಾಲಿಗೆ ತಾಗುತ್ತಿದೆ, ಮುಂದೆ ಎರಡು ಬೆಂಚಿನಾಚೆ ಸ್ಕಾರ್ಫು ಮತ್ತೆ ಗಂಟು ಹಾಕಿ ಕೂತಿದೆ, ಗಾಯನದವರ ಸಾಲಿನಿಂದ ಗಂಡ ಹುಬ್ಬೇರಿಸಿ ಏನಾಯ್ತು ಅಂತ ಕೇಳುತ್ತಿದ್ದಾನೆ, ಏನಾಯ್ತು ಅಂತ ಹೇಳುವುದು, ಯಾವ ತುದಿಯಿಂದ ಶುರುಮಾಡುವುದು. ಆ ಕೂದಲನ್ನು ಏನು ಮಾಡಿದರು? ಕಾಗದದಲ್ಲಿ ಸುತ್ತಿಟ್ಟರೇ, ಕಸದ ಬುಟ್ಟಿಗೆ ಹಾಕಿದರೇ, ನೆಲ ಒರೆಸಿ ಸ್ವಚ್ಛ ಮಾಡಿದ್ದರಲ್ಲ, ನನಗೆ ಕಾಣಬಾರದೆಂದು. ಮಾವ ನೋಡಿ ಮದುವೆಯಾದ ಕೂದಲು. ಎಲ್ಲರೂ ಪ್ರಾರ್ಥನೆ ಶುರುಮಾಡಿದರು, ಪ್ರಭು ಕಲಿಸಿದ್ದೇ, ಇಡೀ ಚರ್ಚು ಒಂದೇ ಉಸಿರಿನಲ್ಲಿ, ಯಾರೂ ಎಲ್ಲಿಯೂ ನಿಲ್ಲದೆ, ಅವಳೂ ಹೇಳುತ್ತಿದ್ದಾಳೆ, ಬಾಚಣಿಗೆ ಇಳಿಯುತ್ತಿದೆ, ಒಂದು ಸಲಕ್ಕೆ ಒಂದು ಮಾತು, ಒದ್ದೆ ಬಿಳಿ ಕೂದಲು, ಹೆಗಲ ಮೇಲೆ ನೀಲಿ ಟವೆಲು, ಕ್ಷಮಿಸು ಅನ್ನುವ ಹತ್ತಿರ ಬಂದಳು, ಇಲ್ಲಿ ಸಿಕ್ಕಿರಬೇಕು, ನಿಲ್ಲಬೇಕು, ತುದಿಯಿಂದ ಬಿಡಿಸಬೇಕು, ನಿಂತಳು, ಬಾಚಣಿಗೆಗೆ ಏನೂ ತಾಗಲಿಲ್ಲ, ಬಿಡಿಸಲು ಸಿಕ್ಕೂ ಇಲ್ಲ, ಹಿಡಿಯಲು ತುದಿಯೂ ಇಲ್ಲ, ಚರ್ಚು ಮುಂದೆ ಹೋಗುತ್ತಿದೆ, ಆಮೆನ್ ಹತ್ತಿರವಾಗುತ್ತಿದೆ, ಅವಳ ಬಾಯಿ ಅದೇ ಮಾತಿನ ಮೇಲೆ ತೆರೆದೇ ಇದೆ, ಕನ್ನಡಿಯ ಮುಂದೆ ಬಿಳಿ ಸಾಸರು, ನಡುಗುವ ಕೈ ಹಿಂದಿನಿಂದ ಬಂದು ಇಡುತ್ತದೆ, ಟಿಕ್, ಯಾರಾದ್ರೂ ಬಂದ್ರಾ, ಟಿಕ್, ಸಾಸರಿನಲ್ಲಿ ಪಿನ್ನುಗಳು, ಸಾಸರಿನಲ್ಲಿ ಪಿನ್ನುಗಳು